ಕೀಬೋರ್ಡ್ ನಿಂತರೆ ಡ್ರೈವರ್‌ದೇ ತಪ್ಪೇ? ಡಿವೈಸ್ ಮ್ಯಾನೇಜರ್‌ನ ಮರ ಓದುವ ಬಗೆ

ಪ್ರಾಕ್ಟಿಕಲ್ ಪರೀಕ್ಷೆಗೆ ವಾರವಿರುವಾಗ ಲ್ಯಾಬ್‌ನ ಒಂದು ಕಂಪ್ಯೂಟರಿನಲ್ಲಿ ಕೀಬೋರ್ಡ್, ಪೆನ್‌ಡ್ರೈವ್ ಎರಡೂ ಒಟ್ಟಿಗೆ ನಿಂತವು. ಮೌಸ್ ಮಾತ್ರ ಓಡುತ್ತಿತ್ತು. "ಸರ್, ಕೀಬೋರ್ಡ್ ಡ್ರೈವರ್ ಹೋಗಿದೆ, ಅನ್‌ಇನ್‌ಸ್ಟಾಲ್ ಮಾಡ್ಲಾ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ತಡಿಯಪ್ಪಾ ಎಂದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದರೆ ಸಾಧನಗಳು ಬಗೆಬಗೆಯಾಗಿ ವಿಂಗಡಣೆಯಾಗಿರುತ್ತವೆ: ಕೀಬೋರ್ಡ್ ಒಂದು ಕಡೆ, ಡಿಸ್ಕ್ ಇನ್ನೊಂದು ಕಡೆ. ಇಲ್ಲಿ ಅವೆರಡರ ನಂಟು ಕಾಣುವುದಿಲ್ಲ. ವ್ಯೂ ಮೆನುವಿನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಆರಿಸಿ. ಈಗ ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂಬ ಮರ ಬರುತ್ತದೆ: ಪಿಸಿಐ ಬಸ್, ಅದರ ಕೆಳಗೆ ಯುಎಸ್‌ಬಿ ಹೋಸ್ಟ್ ಕಂಟ್ರೋಲರ್, ಅದರ ಕೆಳಗೆ ರೂಟ್ ಹಬ್, ಆಮೇಲೆ ನಾವು ಚುಚ್ಚಿದ ಸಾಧನಗಳು.

ನಮ್ಮ ಮರದಲ್ಲಿ ಕೀಬೋರ್ಡೂ ಇಲ್ಲ, ಪೆನ್‌ಡ್ರೈವೂ ಇಲ್ಲ. ರೂಟ್ ಹಬ್ ಕೆಳಗೆ 'ಅನ್‌ನೋನ್ ಯುಎಸ್‌ಬಿ ಡಿವೈಸ್' ಎಂಬ ಹೆಸರು, ಹಳದಿ ಗುರುತು, ಒಳಗೆ ನೋಡಿದರೆ ಕೋಡ್ 43. ಎರಡನ್ನೂ ಒಂದೇ ನಾಲ್ಕು ಕಿಂಡಿಯ ಹಬ್‌ಗೆ ಚುಚ್ಚಿದ್ದರು. ಕೆಟ್ಟದ್ದು ಆ ಹಬ್. ಬಸವೇಶ್ವರನಗರದಲ್ಲಿ ಒಂದು ಮನೆಯ ದೀಪ ಆರಿದರೆ ಫ್ಯೂಸ್ ನೋಡುತ್ತೇವೆ, ಇಡೀ ರಸ್ತೆ ಕತ್ತಲಾದರೆ ಟ್ರಾನ್ಸ್‌ಫಾರ್ಮರ್ ನೋಡುತ್ತೇವಲ್ಲ, ಹಾಗೆ. ಕೀಬೋರ್ಡನ್ನು ಸಿಪಿಯು ಹಿಂದಿನ ಕಿಂಡಿಗೆ ನೇರವಾಗಿ ಹಾಕಿದೆವು, ನಡೆಯಿತು.

ಹಾಗಾದರೆ ಡ್ರೈವರ್ ಎಲ್ಲಿ? ಮರದ ಕೊಂಬೆ ತೋರಿಸುವುದು ಜೋಡಣೆಯನ್ನು. ಡ್ರೈವರ್ ಇರುವುದು ಪ್ರತಿ ಗಂಟಿನಲ್ಲಿ. ಹಲವರು ಎಡವುವುದು ಇಲ್ಲಿಯೇ. ಕೀಬೋರ್ಡ್‌ನ ಪ್ರಾಪರ್ಟೀಸ್‌ನಲ್ಲಿ ಡ್ರೈವರ್, ಡ್ರೈವರ್ ಡೀಟೇಲ್ಸ್ ಒತ್ತಿ. ಒಂದಲ್ಲ, ಎರಡು ಫೈಲ್ ಸಿಗುತ್ತವೆ: ಕೆಬಿಡಿ-ಹಿಡ್, ಕೆಬಿಡಿ-ಕ್ಲಾಸ್. ಮೊದಲನೆಯದು ಯುಎಸ್‌ಬಿ ಕಡೆಯಿಂದ ಬಂದ ಸುದ್ದಿಯನ್ನು ಕೀ ಒತ್ತಿದ ಸುದ್ದಿಯಾಗಿ ಬದಲಿಸುತ್ತದೆ. ಎರಡನೆಯದು, ಕೀಬೋರ್ಡ್ ಯಾವ ಬಗೆಯದಾದರೂ, ಅದನ್ನು ವಿಂಡೋಸ್‌ಗೆ ಒಂದೇ ರೀತಿಯಲ್ಲಿ ಒಪ್ಪಿಸುತ್ತದೆ. ಎರಡು ಕೀಬೋರ್ಡ್ ಚುಚ್ಚಿದರೆ ಎರಡಕ್ಕೂ ಇವೇ ಫೈಲುಗಳು. ಅಂದರೆ ಒಂದು ಸಾಧನಕ್ಕೆ ಹಲವು ಡ್ರೈವರ್, ಒಂದು ಡ್ರೈವರ್‌ಗೆ ಹಲವು ಸಾಧನ. ವಿಂಡೋಸ್ 11ರ ವ್ಯೂ ಮೆನುವಿನಲ್ಲಿರುವ 'ಡಿವೈಸಸ್ ಬೈ ಡ್ರೈವರ್' ಈ ನಂಟನ್ನೇ ತೋರಿಸುತ್ತದೆ.

ಕೀಬೋರ್ಡ್ ಗಂಟನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುವುದು ಅದೊಂದೇ. ಹೋಸ್ಟ್ ಕಂಟ್ರೋಲರ್ ತೆಗೆದರೆ ಅದರ ಕೆಳಗಿನದೆಲ್ಲ ನಿಲ್ಲುತ್ತದೆ, ಮೌಸ್ ಸಹ. ಆಮೇಲೆ ಕ್ಲಿಕ್ ಮಾಡಲು ಏನೂ ಉಳಿಯದೆ ಪವರ್ ಬಟನ್ ಒತ್ತಿ ರೀಸ್ಟಾರ್ಟ್ ಮಾಡಬೇಕಾದೀತು. ಕೋಡ್ 28 ಕಂಡರೆ ಮಾತ್ರ ಡ್ರೈವರ್ ಹಾಕಿಲ್ಲವೆಂದೇ ಅರ್ಥ, ಆಗ ಹುಡುಕಿ ಹಾಕಿ.