ಬೇಸಿಗೆ ಮೊದಲ ದಿನಗಳ ಕಾಯಿಪಲ್ಲೆ ಹಿತ್ತಲು

ಕಾಳಗಿ, ಚಿತ್ತಾಪುರ, ಸೇಡಂ ಭಾಗದ ಹಿತ್ತಲುಗಳಲ್ಲಿ ಶಿವರಾತ್ರಿ ದಾಟಿದ ಮೇಲೆ ಮೊದಲು ಕೈಗೆ ಬರುವುದು ಉಳ್ಳಾಗಡ್ಡಿ. ಹಿಂಗಾರಿನಲ್ಲಿ ನಾಟಿ ಮಾಡಿದ ಮಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡಗಳ ಕುತ್ತಿಗೆ ಬಾಗಿದರೆ ಗಡ್ಡೆ ಬಲಿತಿದೆ ಎಂದರ್ಥ. ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಬೇಕು. ನಿಲ್ಲಿಸದೆ ಕಿತ್ತ ಗಡ್ಡೆ ಬೇಗ ಕೊಳೆಯುತ್ತದೆ. ಕಿತ್ತದ್ದನ್ನು ಎಲೆಸಮೇತ ಕೆಲವು ದಿನ ನೆರಳಲ್ಲಿ ಹರಡಿ, ಎರಡು ಸೆಂಟಿಮೀಟರಿನಷ್ಟು ಕುತ್ತಿಗೆ ಬಿಟ್ಟು ಕತ್ತರಿಸುವುದು ಸರಿ.

ಬೆಂಡಿಕಾಯಿಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ಹೂ ಬಿಟ್ಟ ಐದಾರು ದಿನಕ್ಕೇ ಕಾಯಿ ತಿನ್ನುವ ಹದಕ್ಕೆ ಬರುತ್ತದೆ. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂ ಕಡಿಮೆಯಾಗುತ್ತದೆ. ಚವಳಿಕಾಯಿ, ಹೀರಿಕಾಯಿಗೂ ಇದೇ ಮಾತು. ಪುಂಡಿಪಲ್ಲೆಯ ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆ.

ನೀರೇ ಇಲ್ಲಿನ ದೊಡ್ಡ ಚಿಂತೆ. ಎರೆಭೂಮಿ ಒಣಗಿದರೆ ಬಿರಿಯುತ್ತದೆ, ಬಿರುಕು ಬೇರನ್ನು ಹರಿಯುತ್ತದೆ, ಒಳಗಿನ ಹಸಿಯೂ ಹಾರಿಹೋಗುತ್ತದೆ. ಆದ್ದರಿಂದ ಮೇಲ್ಮಣ್ಣನ್ನು ಹಗುರವಾಗಿ ಕೆದಕಿ, ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ತೊಗರಿ ಹೊಟ್ಟನ್ನು ಬುಡಕ್ಕೆ ಹೊದಿಸುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಗೆದ್ದಲು ಇದ್ದರೆ ಹೊಟ್ಟು ಕಾಂಡಕ್ಕೆ ತಾಗದಿರಲಿ. ನೀರುಣಿಸುವುದು ಬೆಳಗಿನ ಜಾವ ಇಲ್ಲವೇ ಸಂಜೆ.

ಒಣ ಸೆಕೆಯಲ್ಲಿ ಬದನಿ, ಬೆಂಡಿ ಎಲೆಯ ಅಡಿ ಕೆಂಪು ನುಸಿ ಸೇರುತ್ತದೆ; ಅಲ್ಲಿಗೇ ನೀರು ಸಿಂಪಡಿಸಿದರೆ ತಗ್ಗುತ್ತದೆ. ಎಲೆನರ ಹಳದಿಯಾದ ಬೆಂಡಿ ಗಿಡಕ್ಕೆ ಮದ್ದಿಲ್ಲ. ಬಿಳಿನೊಣ ಆ ರೋಗವನ್ನು ಹರಡುವ ಮೊದಲೇ ಗಿಡವನ್ನು ಕಿತ್ತು ಹಾಕಬೇಕು.