ಎಡದಿಂದಲೋ, ಬಲದಿಂದಲೋ?

12 − 5 − 3 ಎಂಬ ಲೆಕ್ಕವನ್ನು ಎಡದಿಂದ ಮಾಡಿದರೆ 4 ಬರುವುದು. 5ರಿಂದ 3ನ್ನು ಮೊದಲು ಕಳೆದರೆ 10 ಬರುವುದು. ಆದುದರಿಂದಲೇ ಎಡದಿಂದ ಕಳೆಯಬೇಕೆಂಬ ನಿಯಮವುಂಟು. ಗಣಕಯಂತ್ರದ ಭಾಷೆಗಳಿಗೂ ಇಂತಹ ನಿಯಮ ಅವಶ್ಯ.

ಅವುಗಳಲ್ಲಿ ‘ಕ ? ಚ : ಟ’ ಎಂದರೆ, ‘ಕ ನಿಜವಾದರೆ ಚ, ಇಲ್ಲವಾದರೆ ಟ’ ಎಂದರ್ಥ. ಈಗ ‘ನಿಜ ? 1 : ನಿಜ ? 2 : 3’ ಎಂಬುದನ್ನು ನೋಡೋಣ. ‘ಸಿ’ ಭಾಷೆಯು ಇದನ್ನು ‘ನಿಜ ? 1 : (ನಿಜ ? 2 : 3)’ ಎಂದು ಓದುವುದು, ಉತ್ತರ 1. ‘ಪಿಎಚ್‌ಪಿ’ ಭಾಷೆಯು ಬಹುಕಾಲ ‘(ನಿಜ ? 1 : ನಿಜ) ? 2 : 3’ ಎಂದು ಓದುತ್ತಿತ್ತು. ಆವರಣದ ಬೆಲೆ 1. ಅದೂ ನಿಜವೆಂದೇ ಎಣಿಕೆಯಾಗುವುದರಿಂದ ಉತ್ತರ 2!

ಬರಹವೊಂದೇ, ಫಲ ಬೇರೆ. 2020ರಲ್ಲಿ ಬಂದ ಪಿಎಚ್‌ಪಿಯ 8ನೆಯ ಆವೃತ್ತಿಯು ಆವರಣವಿಲ್ಲದ ಇಂತಹ ಬರಹವನ್ನೇ ನಿಷೇಧಿಸಿತು. ಸಂದೇಹಕ್ಕೆ ಎಡೆಯಿರುವಲ್ಲಿ ಆವರಣ ಹಾಕುವುದೇ ಲೇಸು; ಆಗ ಓದುವವರಿಗೂ ಯಂತ್ರಕ್ಕೂ ಅರ್ಥ ಒಂದೇ ಆಗುವುದು.