ಒಡೆದ ನೀರು ಮತ್ತೆ ಕೂಡದ ಹಾಗೆ: ಲೇಪನ ಹೊದ್ದ ಕಣಗಳ ಕಥೆ

ಸಿಂಧನೂರು ಕಡೆಯವರಿಗೆ ಬೇವು ಲೇಪಿತ ಯೂರಿಯಾ ಹೊಸದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿಗೆ ಪ್ರತಿ ಹಂಗಾಮಿಗೂ ಅದೇ 45 ಕೆ.ಜಿ. ಚೀಲ ಬರುತ್ತೆ. ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪನ 2015ರಲ್ಲಿ ಕಡ್ಡಾಯವಾಯ್ತು. ಕಾಳಿನ ಮೇಲಿನ ಆ ತೆಳು ಎಣ್ಣೆ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ತಡೆಯುತ್ತೆ, ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಹರಿದು ಹೋಗೋದು ನಿಧಾನವಾಗುತ್ತೆ. ಒಳಗಿನ ಯೂರಿಯಾ ಮೊದಲಿನದೇ, ಮೇಲಿನ ಪದರದಿಂದ ಅದರ ನಡತೆ ಬದಲಾಗಿದೆ ಅಷ್ಟೆ.

ಈ ಸಲ ನಾವು ಬರೆಯುತ್ತಿರೋದು ಹೀಗೇ ಲೇಪನ ಹೊದ್ದ ಇನ್ನೊಂದು ಕಣದ ಬಗ್ಗೆ. ಯೂರಿಯಾ ಕಾಳಿಗಿಂತ ಸಾವಿರಾರು ಪಟ್ಟು ಚಿಕ್ಕದು. ಬೆಳಕು ಬಿದ್ದರೆ ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುತ್ತೆ. ಎರಡಕ್ಕೂ ನಂಟು ಇದೆ. ಯೂರಿಯಾ ಮಾಡೋಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು, ನಮ್ಮ ದೇಶದಲ್ಲಿ ಆ ಹೈಡ್ರೋಜನ್ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತೆ. ಅನಿಲದಲ್ಲಿ ದೊಡ್ಡ ಪಾಲು ಆಮದು. ಅಂದ್ರೆ ಸಿಂಧನೂರಿನ ಗದ್ದೆ ದೂರದ ಯಾವುದೋ ಗ್ಯಾಸ್ ಹಡಗಿಗೆ ಕಟ್ಟಿಹಾಕಿಕೊಂಡಿದೆ.

ಕೆಮಿಸ್ಟ್ರಿ ಸಮೀಕರಣ ಹಿಡಿದು ಲೆಕ್ಕ ಹಾಕಿದೆವು. ಒಂದು ಚೀಲ ಯೂರಿಯಾಕ್ಕೆ 25.5 ಕೆ.ಜಿ. ಅಮೋನಿಯಾ, ಅದರೊಳಗೆ 4.5 ಕೆ.ಜಿ. ಹೈಡ್ರೋಜನ್. ಅಷ್ಟು ಹೈಡ್ರೋಜನ್ ನೀರಿನಿಂದಲೇ ತೆಗೆದರೆ ಬೇಕಾಗೋದು ಸುಮಾರು 40 ಲೀಟರ್ ನೀರು. ಮಸ್ಕಿ ಕಡೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತ ರೈತರಿಗೆ 'ನೀರು ಒಡೆಯೋದು' ಅಂದರೆ ಸಿಟ್ಟು ಬರಬಹುದು. ಆದರೆ ಇದು ಮೂರ್ನಾಲ್ಕು ಕೊಡದ ಮಾತು. ಕಷ್ಟ ಇರೋದು ಬೇರೆ ಕಡೆ.

ಮೊದಲು ಕಣ ಹೇಗೆ ಕೆಲಸ ಮಾಡುತ್ತೆ ನೋಡೋಣ. ಅರೆವಾಹಕದ ಪುಡಿಯ ಮೇಲೆ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಬ್ಯಾಂಡ್ ಗ್ಯಾಪ್ ದಾಟಿ ಮೇಲೆ ಹಾರುತ್ತೆ, ಕೆಳಗೆ ಒಂದು ಹೋಲ್ ಉಳಿಯುತ್ತೆ. ಎಲೆಕ್ಟ್ರಾನ್ ಕಣದ ಮೇಲ್ಮೈಗೆ ಬಂದು ನೀರಿನಿಂದ ಹೈಡ್ರೋಜನ್ ಮಾಡಬೇಕು, ಹೋಲ್ ಆಕ್ಸಿಜನ್ ಮಾಡಬೇಕು. ಸಿದ್ಧಾಂತದ ಪ್ರಕಾರ 1.23 ಎಲೆಕ್ಟ್ರಾನ್ ವೋಲ್ಟ್ ಸಾಕು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡ್ ಎಲೆಕ್ಟ್ರೋಡ್ ಇಟ್ಟು ಬೆಳಕಿನಿಂದ ನೀರು ಒಡೆಯಬಹುದು ಅಂತ ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು.

ಬರೀ ಪುಡಿ ಹಾಕಿದರೆ ಗ್ಯಾಸ್ ಬರೋದು ತೀರಾ ಕಡಿಮೆ. ಎಲೆಕ್ಟ್ರಾನ್ ಮತ್ತು ಹೋಲ್ ದಾರಿಯಲ್ಲೇ ಒಂದಾಗಿ ಶಾಖವಾಗಿಬಿಡ್ತವೆ. ಅದಕ್ಕೆ ಕಣದ ಮೇಲೆ ಪ್ಲಾಟಿನಂ ಅಥವಾ ರೋಡಿಯಂನ ಸಣ್ಣ ಚುಕ್ಕೆಗಳನ್ನು ಕೂರಿಸ್ತಾರೆ. ಎಲೆಕ್ಟ್ರಾನ್‌ಗಳು ಆ ಲೋಹದೊಳಗೆ ಬಂದು ಸೇರ್ತವೆ, ಹೈಡ್ರೋಜನ್ ಸುಲಭವಾಗಿ ಹುಟ್ಟುತ್ತೆ. ಆದರೆ ಇದೇ ಲೋಹಕ್ಕೆ ಇನ್ನೊಂದು ಬುದ್ಧಿ ಇದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಎದುರಿಗೆ ಸಿಕ್ಕರೆ ಎರಡನ್ನೂ ಕೂಡಿಸಿ ವಾಪಸ್ ನೀರು ಮಾಡಿಬಿಡುತ್ತೆ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಹಾಗೆ.

ಲೇಪನ ಬರೋದು ಇಲ್ಲಿ. 2006ರಲ್ಲಿ ಮಾಯೆದಾ, ದೋಮೆನ್ ಮತ್ತು ಜೊತೆಯವರು ರೋಡಿಯಂ ಚುಕ್ಕೆಯ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಹೊದಿಸಿದರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸೋದು ಗೊತ್ತಲ್ಲ, ಅಲ್ಲಿ ಹುಣಸೆ ರಸ ಲೋಹಕ್ಕೆ ತಾಗಲೇಬಾರದು, ಪೂರ್ತಿ ಮುಚ್ಚಬೇಕು. ಇಲ್ಲಿ ಪೂರ್ತಿ ಮುಚ್ಚಿದರೆ ಕೆಲಸವೇ ನಿಂತುಹೋಗುತ್ತೆ. ಈ ಪದರ ಜರಡಿ ಇದ್ದ ಹಾಗೆ. ಪ್ರೋಟಾನ್ ಒಳಗೆ ಹೋಗುತ್ತೆ, ಹುಟ್ಟಿದ ಹೈಡ್ರೋಜನ್ ಹೊರಗೆ ಬರುತ್ತೆ, ಆಕ್ಸಿಜನ್ ಮಾತ್ರ ರೋಡಿಯಂ ತನಕ ತಲುಪಲ್ಲ. ಹಾಗಾಗಿ ಒಡೆದ ನೀರು ಅಲ್ಲಿ ಮತ್ತೆ ಕೂಡೋಕೆ ದಾರಿ ಇಲ್ಲ.

ಇದನ್ನು ತಯಾರಿಸುವ ರೀತಿ ನಮಗೆ ತುಂಬಾ ಇಷ್ಟ ಆಯ್ತು. ಅಷ್ಟು ಸಣ್ಣ ಚುಕ್ಕೆಗೆ ಯಾರು, ಯಾವ ಕುಂಚದಲ್ಲಿ ಬಣ್ಣ ಹಚ್ಚೋದು? ಬೆಳಕೇ ಹಚ್ಚುತ್ತೆ! ಅಲ್ಯೂಮಿನಿಯಂ ಸ್ವಲ್ಪ ಬೆರೆಸಿದ ಸ್ಟ್ರಾನ್ಷಿಯಂ ಟೈಟನೇಟ್ ಪುಡಿಯನ್ನು ನೀರಿನಲ್ಲಿ ಕಲಕುತ್ತಾ, ರೋಡಿಯಂ ಕ್ಲೋರೈಡ್ ಹಾಕಿ ಕ್ಸೆನಾನ್ ದೀಪದ ಬೆಳಕು ಬಿಡ್ತಾರೆ. ಕಣದಲ್ಲಿ ಎಲೆಕ್ಟ್ರಾನ್ ಹೊರಬರುವ ಮುಖದಲ್ಲೇ ರೋಡಿಯಂ ಲೋಹವಾಗಿ ಅಂಟಿಕೊಳ್ಳುತ್ತೆ. ಆಮೇಲೆ ಪೊಟ್ಯಾಸಿಯಂ ಕ್ರೋಮೇಟ್. ಈಗ ಎಲೆಕ್ಟ್ರಾನ್‌ಗಳು ಬರೋದು ರೋಡಿಯಂ ಮೂಲಕ, ಆದ್ದರಿಂದ ಕ್ರೋಮಿಯಂ ಆಕ್ಸೈಡ್ ಸರಿಯಾಗಿ ರೋಡಿಯಂ ಮೇಲೇ ಕೂರುತ್ತೆ. ಕೊನೆಗೆ ಕೋಬಾಲ್ಟ್ ನೈಟ್ರೇಟ್ ಹಾಕಿದರೆ ಕೋಬಾಲ್ಟ್ ಹೋಲ್ ಬರುವ ಇನ್ನೊಂದು ಮುಖಕ್ಕೆ ಹೋಗಿ ಆಕ್ಸಿಜನ್ ಕೆಲಸ ನೋಡಿಕೊಳ್ಳುತ್ತೆ. ಎಲ್ಲಾ ಸೇರಿ ಒಂದು ಲ್ಯಾಬ್ ಪೀರಿಯಡ್‌ನಷ್ಟೂ ಹೊತ್ತು ಹಿಡಿಯಲ್ಲ. (ಕ್ರೋಮೇಟ್ ಕ್ಯಾನ್ಸರ್ ತರುವ ವಿಷ. ಗೈಡ್, ಫ್ಯೂಮ್ ಹುಡ್ ಇಲ್ಲದೆ ಯಾರೂ ಕೈ ಹಾಕಬೇಡಿ.)

ಪುಡಿಯ ತೂಕದಲ್ಲಿ ರೋಡಿಯಂ ಇರೋದು 0.1 ಶೇಕಡಾ. ಕಮ್ಮಿ ಅನ್ಸುತ್ತೆ. ಆದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ನೆನಪಿಸಿಕೊಳ್ಳಿ. ಅಲ್ಲಿ ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗೋದು ಕೆಲವೇ ಗ್ರಾಂ ಬಂಗಾರ. ಇಲ್ಲಿ ಒಂದು ಟನ್ ಪುಡಿಗೆ 1 ಕೆ.ಜಿ. ರೋಡಿಯಂ, ಅದೂ ಸಾಮಾನ್ಯವಾಗಿ ಬಂಗಾರಕ್ಕಿಂತ ದುಬಾರಿ ಲೋಹ. ಪುಡಿ ವರ್ಷಗಟ್ಟಲೆ ಬಾಳದಿದ್ದರೆ ಲೆಕ್ಕ ಕೂಡಲ್ಲ.

2020ರಲ್ಲಿ ದೋಮೆನ್ ತಂಡ ಈ ಕಣಗಳಿಂದ ಸುಮಾರು 96 ಶೇಕಡಾ ಕ್ವಾಂಟಮ್ ದಕ್ಷತೆ ಪಡೆಯಿತು. ಓದಿದ ಕೂಡಲೇ 'ಮುಗೀತಲ್ಲ, ಗೆದ್ರು!' ಅನ್ನಿಸುತ್ತೆ. ಸ್ವಲ್ಪ ನಿಲ್ಲಿ. ಅದು 350ರಿಂದ 360 ನ್ಯಾನೊಮೀಟರ್‌ನ ಅತಿನೇರಳೆ ಬೆಳಕಿಗೆ ಮಾತ್ರ. ಈ ಪುಡಿಯ ಬ್ಯಾಂಡ್ ಗ್ಯಾಪ್ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್, ಕಣ್ಣಿಗೆ ಕಾಣುವ ಬೆಳಕು ಅದನ್ನು ಎಬ್ಬಿಸಲಾರದು. ಬಿಸಿಲಿನಲ್ಲಿ ಅತಿನೇರಳೆಯ ಪಾಲು ಹೆಚ್ಚೂಕಮ್ಮಿ 5 ಶೇಕಡಾ ಅಷ್ಟೆ. 2021ರಲ್ಲಿ ಅದೇ ತಂಡ 100 ಚದರ ಮೀಟರ್ ಪ್ಯಾನಲ್‌ಗಳನ್ನು ಬಯಲಿನಲ್ಲಿಟ್ಟು, ಬೆರೆತು ಬಂದ ಗ್ಯಾಸನ್ನು ಸೋಸಿ ಬೇರ್ಪಡಿಸಿ ತೋರಿಸಿದಾಗ, ಬಿಸಿಲಿನಿಂದ ಹೈಡ್ರೋಜನ್‌ಗೆ ದಕ್ಕಿದ್ದು ಹೆಚ್ಚೆಂದರೆ 0.76 ಶೇಕಡಾ.

ಕಾಣುವ ಬೆಳಕು ಹಿಡಿಯೋ ಪ್ರಯತ್ನ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2013ರಲ್ಲಿ ಜಿಂಕ್ ಆಕ್ಸೈಡ್, ಪ್ಲಾಟಿನಂ, ಕ್ಯಾಡ್ಮಿಯಂ ಸಲ್ಫೈಡ್ ಮೂರನ್ನೂ ಒಂದೇ ಕಣದಲ್ಲಿ ಜೋಡಿಸಿ ಚೆನ್ನಾಗಿ ಹೈಡ್ರೋಜನ್ ತೆಗೆಯಿತು. ಕ್ಯಾಡ್ಮಿಯಂ ಸಲ್ಫೈಡ್‌ನ ಗ್ಯಾಪ್ 2.4, ಹಸಿರು ಬೆಳಕಿನ ತನಕ ಹೀರುತ್ತೆ. ಆದರೆ ಅಲ್ಲಿ ಹೋಲ್‌ಗಳನ್ನು ತಿನ್ನೋಕೆ ಬೇರೆ ರಾಸಾಯನಿಕ ಹಾಕಬೇಕು, ಇಲ್ಲದಿದ್ದರೆ ಅವು ಸಲ್ಫೈಡನ್ನೇ ಕೊರೆಯುತ್ತವೆ. ಅಂದ್ರೆ ಇದು ನೀರು ಒಡೆಯೋದರ ಅರ್ಧ ಕೆಲಸ. ಸೆಮಿನಾರಿಗೆ ಪೇಪರ್ ಓದುವಾಗ ಆಕ್ಸಿಜನ್ ಕೂಡ ಬಂತಾ, ಹೈಡ್ರೋಜನ್‌ನ ಅರ್ಧದಷ್ಟು ಬಂತಾ ಅಂತ ಮೊದಲು ನೋಡಿ. ನಮ್ಮ ಪ್ರಕಾರ ಬಹಳ ಜನ ಎಡವೋದು ಅಲ್ಲೇ.

ಈಗ ಯೂರಿಯಾ ಚೀಲಕ್ಕೆ ವಾಪಸ್ ಬರೋಣ. ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಅಂತ ಹಿಡಿಯೋಣ. ಒಂದು ಕೆ.ಜಿ. ಹೈಡ್ರೋಜನ್‌ಗೆ ಸುಮಾರು 33 ಯೂನಿಟ್. 0.76 ಶೇಕಡಾ ಲೆಕ್ಕದಲ್ಲಿ 100 ಚದರ ಮೀಟರ್ ಪ್ಯಾನಲ್ ದಿನಕ್ಕೆ ಕೊಡೋದು 115 ಗ್ರಾಂ. ಒಂದೇ ಒಂದು ಚೀಲದ ಹೈಡ್ರೋಜನ್‌ಗೆ 39 ದಿನ ಕಾಯಬೇಕು. ದಕ್ಷತೆ 10 ಶೇಕಡಾ ಆದರೆ ಅದೇ ಚೀಲಕ್ಕೆ ಮೂರು ದಿನ.